ಉಸಿರು ಕಟ್ಟಿದರೆ ಪಟ್ಟು ಬಿಡದು

ಮೈಸೂರಿನ ಹಳೆಯ ಗರಡಿ ಮನೆಗಳ ಬಾಗಿಲು ಗಿಡ್ಡ. ತಲೆ ಬಗ್ಗಿಸದೆ ಒಳಗೆ ಹೋಗಲಾಗದು. ಒಳಗೆ ಹನುಮಂತನ ಪಟ, ಗೋಡೆಗೆ ಒರಗಿಸಿದ ಗದೆಗಳು, ನಡುವೆ ಅರಿಸಿನ, ಎಣ್ಣೆ, ನಿಂಬೆರಸ ಬೆರೆಸಿ ಹದಗೊಳಿಸಿದ ಕೆಂಪು ಮಟ್ಟಿ. ನಾನು ಅಲ್ಲಿಗೆ ಸೇರಿದ್ದು ನಲವತ್ತು ದಾಟಿದ ಮೇಲೆ. ಪೈಲ್ವಾನನಾಗುವ ಆಸೆ ಇರಲಿಲ್ಲ. ನಿದ್ದೆ ಕೆಟ್ಟಿತ್ತು, ಕಚೇರಿಯ ಚಿಂತೆ ಊಟದ ತಟ್ಟೆಯವರೆಗೂ ಬರುತ್ತಿತ್ತು. ಮೈ ದಣಿದರೆ ರಾತ್ರಿ ಕಣ್ಣು ಮುಚ್ಚೀತು ಎಂಬುದಷ್ಟೇ ನನ್ನ ಲೆಕ್ಕ.

ಮೊದಮೊದಲು ಉಸ್ತಾದರು ಕೊಟ್ಟದ್ದು ಮಟ್ಟಿ ಅಗೆಯುವ ಕೆಲಸ. ಆಮೇಲೆ ದಂಡ, ಬಸ್ಕಿ. ಎಷ್ಟು ಹೊಡೆದೆ ಎಂದು ಅವರು ಕೇಳುತ್ತಿರಲಿಲ್ಲ; ಇಳಿಯುವಾಗ, ಏಳುವಾಗ ಉಸಿರು ಎಲ್ಲಿತ್ತು ಎಂದು ಕೇಳುತ್ತಿದ್ದರು. ಗದೆ ಕೈಗೆ ಬಂದ ಮೇಲೆ ಅದರ ಅರ್ಥ ತಿಳಿಯಿತು. ಗದೆ ಬೆನ್ನ ಹಿಂದೆ ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ. ಅದು ಎಲ್ಲಿದೆ, ಯಾವ ಕಡೆ ವಾಲುತ್ತಿದೆ ಎಂಬುದನ್ನು ಹೆಗಲು, ಮಣಿಕಟ್ಟು, ಸೊಂಟವೇ ಹೇಳಬೇಕು. ಗಮನ ಒಂದು ಕ್ಷಣ ಬೇರೆಡೆ ಹರಿದರೂ ಸುತ್ತು ಕೆಡುತ್ತದೆ. ನಮ್ಮ ಸ್ನಾಯುಗಳಲ್ಲಿ, ಅವನ್ನು ಎಲುಬಿಗೆ ಕಟ್ಟುವ ರಜ್ಜುಗಳಲ್ಲಿ, ಕೀಲುಗಳಲ್ಲಿ ಎಳೆತ ಮತ್ತು ಒತ್ತಡವನ್ನು ಅಳೆದು ಮಿದುಳಿಗೆ ಸುದ್ದಿ ಮುಟ್ಟಿಸುವ ನರತುದಿಗಳಿವೆ. ಈ ಒಳ ಅರಿವಿಗೆ 1906ರಲ್ಲಿ ಪ್ರೊಪ್ರಿಯೋಸೆಪ್ಷನ್ ಎಂದು ಹೆಸರಿಟ್ಟವರು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಚಾರ್ಲ್ಸ್ ಶೆರಿಂಗ್ಟನ್. ನರಕೋಶಗಳ ಅಧ್ಯಯನಕ್ಕಾಗಿ 1932ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಇಡೀ ದಿನ ಕುರ್ಚಿಯಲ್ಲಿ ಕೂರುವ ನಮ್ಮಂಥವರ ಮೈಯಿಂದಲೂ ಆ ಸುದ್ದಿ ಹೊರಡುತ್ತಲೇ ಇರುತ್ತದೆ. ಕೇಳಿಸಿಕೊಳ್ಳುವ ಅಭ್ಯಾಸ ತಪ್ಪಿರುತ್ತದೆ, ಅಷ್ಟೆ.

ನಿಜವಾದ ಪಾಠ ಸಿಕ್ಕಿದ್ದು ಮಟ್ಟಿಗೆ ಇಳಿದ ಮೇಲೆ. ದಸರಾ ಕುಸ್ತಿಗೆ ತಯಾರಾಗುತ್ತಿದ್ದ ಹುಡುಗನೊಬ್ಬ ನನಗೆ ಪಟ್ಟು ಕಲಿಸುತ್ತಿದ್ದ. ಅವನು ಮೇಲೆ ಬಿದ್ದು ಕತ್ತು ಅಮುಕಿದಾಗ ಏನಾಗುತ್ತದೆ ಎಂಬುದನ್ನು ಮೈಯೊಳಗಿನಿಂದ ನೋಡಿದ್ದೇನೆ. ಮೊದಲು ಉಸಿರು ನಿಲ್ಲುತ್ತದೆ. ಹಲ್ಲು ಕಚ್ಚಿಕೊಳ್ಳುತ್ತದೆ. ಹೆಗಲು ಕಿವಿಯ ಹತ್ತಿರ ಏರುತ್ತದೆ. ಆಮೇಲೆ ಭಯ ತಲೆಗೆ ತಿಳಿಯುತ್ತದೆ. ತೋಳಿನಲ್ಲಿ ಬಲವಿದ್ದರೂ ಬಳಸಲು ಹೊಳೆಯುವುದಿಲ್ಲ. “ಉಸ್ರು ಬುಡಪ್ಪಾ, ಮೊದ್ಲು ಉಸ್ರು ಬುಡು” ಎಂದು ಉಸ್ತಾದರು ಅಂಚಿನಿಂದ ಕೂಗುತ್ತಿದ್ದರು. ನಿಧಾನವಾಗಿ ಉಸಿರು ಬಿಟ್ಟರೆ ಕತ್ತು ಸಡಿಲವಾಗುತ್ತಿತ್ತು, ಎದುರಾಳಿಯ ಭಾರ ಯಾವ ಮಂಡಿಯ ಮೇಲಿದೆ ಎಂದು ಗೊತ್ತಾಗುತ್ತಿತ್ತು, ಹೊರಳಲು ದಾರಿ ಕಾಣುತ್ತಿತ್ತು.

ಇದರಲ್ಲಿ ಪವಾಡವಿಲ್ಲ. ಗಾಬರಿಯಾದಾಗ ಹೃದಯ ಬಡಿತ ಏರುತ್ತದೆ. ನಿಧಾನವಾಗು ಎಂದು ಹೃದಯಕ್ಕೆ ನೇರವಾಗಿ ಅಪ್ಪಣೆ ಕೊಡುವ ಶಕ್ತಿ ನಮಗಿಲ್ಲ. ಉಸಿರು ಮಾತ್ರ ತಾನಾಗಿಯೂ ನಡೆಯುತ್ತದೆ, ನಾವು ಹೇಳಿದಂತೆಯೂ ನಡೆಯುತ್ತದೆ. ಉದ್ದವಾಗಿ ಉಸಿರು ಬಿಡುವಾಗ ವೇಗಸ್ ನರದ ಪ್ರಭಾವ ಹೆಚ್ಚಿ ಬಡಿತ ಇಳಿಯುತ್ತದೆ. ಮನಸ್ಸನ್ನು ಮನಸ್ಸಿನಿಂದಲೇ ಗೆಲ್ಲಬೇಕು ಎಂಬ ಉಪದೇಶ ವರ್ಷಗಟ್ಟಲೆ ಕೇಳಿದ್ದೆ. ನನ್ನ ಮಟ್ಟಿಗೆ ಅದು ಫಲಿಸಲೇ ಇಲ್ಲ. ಮೈಯ ಕಡೆಯಿಂದ ಹೋದಾಗ ದಾರಿ ಸಿಕ್ಕಿತು.

ತಂದೆಯವರನ್ನು ತುರ್ತು ನಿಗಾ ಘಟಕಕ್ಕೆ ಸೇರಿಸಿದ ರಾತ್ರಿ ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ಹೆಗಲು ಅದೇ ರೀತಿ ಏರಿತ್ತು, ಹಲ್ಲು ಅದೇ ರೀತಿ ಕಚ್ಚಿತ್ತು. ಆ ಬಿಗಿತ ನನಗೆ ಪರಿಚಿತವಾಗಿತ್ತು. ಉಸಿರು ಬಿಟ್ಟೆ. ದುಃಖ ಕಡಿಮೆಯಾಗಲಿಲ್ಲ, ಆದರೆ ವೈದ್ಯರು ಹೇಳಿದ್ದು ಪೂರ್ತಿ ಕಿವಿಗೆ ಬಿತ್ತು. ಅಮ್ಮನಿಗೆ ಅದನ್ನು ತಿಳಿಯುವಂತೆ ಹೇಳಲು ಆಯಿತು.

ಮೈ ಬೆಳೆಸುವವರಿಗೂ ಬುದ್ಧಿಗೂ ದೂರ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಕೆ.ವಿ. ಅಯ್ಯರ್ ನೆನಪಾಗುತ್ತಾರೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿ ತರುಣರನ್ನು ತಿದ್ದಿದ ಕೈಯೇ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆಯಿತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸಿದ ಟಿ. ಕೃಷ್ಣಮಾಚಾರ್ಯರ ‘ಯೋಗ ಮಕರಂದ’ 1934ರಲ್ಲಿ ಮೊದಲು ಬಂದದ್ದು ಕನ್ನಡದಲ್ಲೇ. ಆಸನದ ಜೊತೆ ಉಸಿರನ್ನು ಬೆಸೆಯುವ ಕ್ರಮ ಅದರಲ್ಲಿದೆ. ಇಷ್ಟು ಹತ್ತಿರದ ಪರಂಪರೆ ಇದ್ದೂ, ಇಂದು ಓಡುವ ಯಂತ್ರದ ಮೇಲೆ ಮೈಯನ್ನು ಬಿಟ್ಟು ಮನಸ್ಸನ್ನು ಮೊಬೈಲಿಗೆ ಕಳಿಸುವುದನ್ನು ವ್ಯಾಯಾಮ ಎನ್ನುತ್ತೇವೆ. ಅದರಿಂದ ಬೆವರು ಬರುತ್ತದೆ, ಹೃದಯಕ್ಕೂ ಒಳ್ಳೆಯದೇ. ಆದರೆ ನಾನು ಹೇಳುತ್ತಿರುವ ಲಾಭದ ಅರ್ಧಭಾಗ ಅಲ್ಲಿ ಕೈತಪ್ಪುತ್ತದೆ.

ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕಂಡು ಬನ್ನಿ. ಆಮೇಲೆ ಗರಡಿಯೋ, ಯೋಗಶಾಲೆಯೋ, ಬಡಾವಣೆಯ ಜಿಮ್ಮೋ, ಯಾವುದಾದರೂ ಸರಿ. ಇಯರ್‌ಫೋನ್ ಮನೆಯಲ್ಲೇ ಬಿಟ್ಟು ಹೋಗಿ.