ಆಟಗಳ ಜೀರ್ಣೋದ್ಧಾರವೂ ಅಭಿಮಾನಿಗಳ ಅಸಮಾಧಾನವೂ

ಜನರು ಮೆಚ್ಚಿದ ವಸ್ತುವನ್ನು ಹೊಸದಾಗಿ ಕಟ್ಟಲು ಹೊರಟವನಿಗೆ ಹೊಗಳಿಕೆಗಿಂತ ಮೊದಲು ಬೈಗುಳ ದೊರೆಯುವುದು ಲೋಕರೂಢಿ. ನಾಟಕ, ಚಲನಚಿತ್ರಗಳ ವಿಷಯದಲ್ಲಿ ನಾವು ಕಂಡ ಈ ಮಾತು ಈಗ ವಿಡಿಯೋ ಆಟಗಳಿಗೂ ಸಲ್ಲುತ್ತದೆ. ಹೆಸರಾಂತ ಆಟವೊಂದನ್ನು ಅದರ ಒಡೆಯರು ಮೊದಲಿನಿಂದ ಮತ್ತೆ ಕಟ್ಟಿದಾಗ ಅಭಿಮಾನಿಗಳು ಸಿಟ್ಟಾಗುವುದೇಕೆ? ಅದು ಬರಿಯ ಹುಡುಗಾಟಿಕೆಯೇ, ಅಥವಾ ಅದರಲ್ಲಿ ನ್ಯಾಯದ ಅಂಶವೇನಾದರೂ ಇದೆಯೇ? ಇದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಹೊಸದನ್ನು ಒಪ್ಪದಿರುವುದೇ ಅಭಿಮಾನಿಯ ಸ್ವಭಾವ ಎಂದು ಹೇಳಿಬಿಡುವುದು ಸುಲಭ. ಆದರೆ ನಮ್ಮ ಸಾಹಿತ್ಯದ ಚರಿತ್ರೆ ಅದಕ್ಕೆ ಸಾಕ್ಷಿ ನುಡಿಯುವುದಿಲ್ಲ. ಹತ್ತನೆಯ ಶತಮಾನದಲ್ಲಿ ಪಂಪನು ಭಾರತದ ಕಥೆಯನ್ನು ಧೈರ್ಯದಿಂದಲೇ ತಿದ್ದಿದನು. ಅವನ ಕಾವ್ಯದಲ್ಲಿ ದ್ರೌಪದಿ ಅರ್ಜುನನೊಬ್ಬನ ಪತ್ನಿ. ಅರ್ಜುನನಲ್ಲಿ ಕವಿಯು ತನ್ನ ಒಡೆಯನಾದ ಅರಿಕೇಸರಿಯನ್ನೇ ಕಂಡನು. ಹದಿನೈದನೆಯ ಶತಮಾನದಲ್ಲಿ ಕುಮಾರವ್ಯಾಸನು ಅದೇ ಕಥೆಯನ್ನು ಕೃಷ್ಣಕಥೆಯಾಗಿ ಹಾಡಿದನು. ಕನ್ನಡಿಗರು ಇಬ್ಬರನ್ನೂ ತಲೆಯ ಮೇಲಿಟ್ಟುಕೊಂಡರು. ಪಂಪನಿಂದ ವ್ಯಾಸಭಾರತ ಅಳಿಯಲಿಲ್ಲ, ಕುಮಾರವ್ಯಾಸನಿಂದ ಪಂಪನೂ ಅಳಿಯಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ದೃಷ್ಟಿಯಿಂದ 'ಪ್ರಿನ್ಸ್ ಆಫ್ ಪರ್ಷಿಯಾ' ಆಟದ ಕಥೆಯನ್ನು ನೋಡೋಣ. 1989ರಲ್ಲಿ ಜೋರ್ಡಾನ್ ಮೆಕ್ನರ್ ಎಂಬ ಅಮೆರಿಕದ ಯುವಕನು ತನ್ನ ತಮ್ಮನ ಓಟ, ನೆಗೆತಗಳನ್ನು ಚಿತ್ರೀಕರಿಸಿ, ಅದನ್ನೇ ಅನುಸರಿಸಿ ರಾಜಕುಮಾರನ ಚಲನೆಯನ್ನು ಬರೆದನು. 60 ನಿಮಿಷಗಳೊಳಗೆ ರಾಜಕುಮಾರಿಯನ್ನು ಬಿಡಿಸಬೇಕೆಂಬುದು ಅದರ ಬಿಗಿ. 2003ರಲ್ಲಿ ಯೂಬಿಸಾಫ್ಟ್ ಕಂಪನಿಯು 'ದಿ ಸ್ಯಾಂಡ್ಸ್ ಆಫ್ ಟೈಮ್' ಎಂಬ ಹೊಸ ರೂಪ ಕೊಟ್ಟಿತು. ತಪ್ಪಿ ಬಿದ್ದರೆ ಕಾಲವನ್ನೇ ಹಿಂದಕ್ಕೆ ತಿರುಗಿಸುವ ಉಪಾಯ ಅದರಲ್ಲಿತ್ತು. ಆಟಗಾರರು ಅದನ್ನು ಬಹುವಾಗಿ ಮೆಚ್ಚಿದರು. 2008ರ ರೂಪದಲ್ಲಿ ನಾಯಕನು ಬಿದ್ದಾಗಲೆಲ್ಲ ಸಂಗಾತಿಯು ಅವನನ್ನು ಎತ್ತಿಕೊಳ್ಳುವಳು. ಬೀಳುವ ಭಯವೇ ಹೋಯಿತೆಂದು ಅನೇಕರು ಗೊಣಗಿದರು. 2003ರ ಆಟವನ್ನು ನವೀಕರಿಸುವ ಕಾರ್ಯವನ್ನು ನಮ್ಮ ದೇಶದ ಪುಣೆ ಮತ್ತು ಮುಂಬಯಿಯ ಶಾಖೆಗಳಿಗೆ ವಹಿಸಿರುವುದಾಗಿ 2020ರಲ್ಲಿ ಕಂಪನಿಯು ಪ್ರಕಟಿಸಿತು. ಮೊದಲ ದೃಶ್ಯಗಳನ್ನು ಕಂಡ ಅಭಿಮಾನಿಗಳು ಚಿತ್ರಗಳು ಮಂಕಾಗಿವೆಯೆಂದು ಟೀಕಿಸಿದರು. 2022ರಲ್ಲಿ ಕೆಲಸ ಕೆನಡಾದ ಮಾಂಟ್ರಿಯಲ್‌ಗೆ ಹೋಯಿತು. 2026ರ ಜನವರಿಯಲ್ಲಿ ಕಂಪನಿಯು ಅದನ್ನು ಕೈಬಿಟ್ಟಿತು. ಇದು ನಿರಾಶೆಯ ಸಂಗತಿ. ಆದರೂ 2003ರ ಆಟ ಹಾಗೆಯೇ ಉಳಿದಿರುವುದರಿಂದ ಅಭಿಮಾನಿಯು ಏನನ್ನೂ ಕಳೆದುಕೊಳ್ಳಲಿಲ್ಲ.

'ಕೌಂಟರ್-ಸ್ಟ್ರೈಕ್' ಆಟದ ಸಂಗತಿ ಬೇರೆ. ಎರಡು ತಂಡಗಳು ಗುಂಡಿನ ಕಾಳಗ ನಡೆಸುವ ಈ ಆಟ 1999ರಲ್ಲಿ ಹುಟ್ಟಿತು. 2012ರ ಅದರ ರೂಪವನ್ನು ಕೋಟ್ಯಂತರ ಜನ ಆಡಿದರು. 2023ರ ಸೆಪ್ಟೆಂಬರ್ 27ರಂದು ಅದರ ಒಡೆಯರಾದ ವಾಲ್ವ್ ಕಂಪನಿಯವರು ಎರಡನೆಯ ಕೌಂಟರ್-ಸ್ಟ್ರೈಕನ್ನು ತಂದು, ಹಳೆಯದರ ಜಾಗದಲ್ಲಿಯೇ ಕೂರಿಸಿದರು. 32 ಬಿಟ್‌ನ ಹಳೆಯ ಗಣಕಗಳಿಗೂ ಆಪಲ್ ಕಂಪನಿಯ ಮ್ಯಾಕ್ ಗಣಕಗಳಿಗೂ ಅದರಲ್ಲಿ ಎಡೆಯಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ನಮ್ಮಲ್ಲಿ ಯಾವ ವಸ್ತುವನ್ನೂ ಅದು ಪೂರ್ತಿ ಕೆಡುವವರೆಗೆ ಬದಲಿಸುವ ವಾಡಿಕೆಯಿಲ್ಲ. ಅಂಥ ಮನೆಯ ಹುಡುಗನಿಗೆ ಆಟ ಹೊಸದಾಯಿತೆಂದರೆ, ಅನೇಕ ವೇಳೆ, ಆಟವೇ ಇಲ್ಲವಾಯಿತೆಂದು ಅರ್ಥ. ಅವನ ಅಸಮಾಧಾನವನ್ನು ಹಳೆಯದರ ಮೇಲಿನ ಮೋಹವೆಂದು ತಳ್ಳಿಹಾಕುವುದು ತರವಲ್ಲ.

ನಮಗೆ ಇನ್ನೂ ಸಮೀಪದ ಉದಾಹರಣೆಯೊಂದಿದೆ. ಊರೂರುಗಳಿಂದ ಬಂದ ತರುಣರು ಮಡಿವಾಳದ ಪಿ.ಜಿ. ಕೊಠಡಿಗಳಲ್ಲಿ ಆಡುತ್ತಿದ್ದ 'ಪಬ್‌ಜಿ ಮೊಬೈಲ್' ಆಟವನ್ನು ಭಾರತ ಸರ್ಕಾರವು 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. ನೂರು ಮಂದಿ ಇಳಿದು ಕಾದಾಡಿ, ಕೊನೆಗೆ ಉಳಿದವನೇ ಗೆಲ್ಲುವ ಆಟವಿದು. 2021ರ ಜುಲೈಯಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿಯು ಅದನ್ನೇ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಹೆಸರಿನಲ್ಲಿ ತಂದಿತು. ನೆತ್ತರು ಹಸಿರಾಯಿತು, 18 ವರ್ಷ ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ ಬಂತು. ಗೆಳೆಯರು ಹಸಿರು ನೆತ್ತರನ್ನು ಕಂಡು ನಕ್ಕರೇ ಹೊರತು ಆಟವನ್ನು ಬಿಡಲಿಲ್ಲ. ಕಾರಣ ಸ್ಪಷ್ಟವಾಗಿದೆ: ಹಳೆಯ ಖಾತೆಯಲ್ಲಿ ಗಳಿಸಿದ್ದ ಉಡುಗೆ, ಆಯುಧ, ಪದವಿಗಳನ್ನು ಹೊಸ ಆಟಕ್ಕೆ ಸಾಗಿಸಿಕೊಳ್ಳಲು ಅವಕಾಶವಿತ್ತು. ಬಣ್ಣ ಬದಲಾದುದನ್ನು ಅವರು ಸಹಿಸಿದರು. ವರ್ಷಗಟ್ಟಲೆ ಪಟ್ಟ ಶ್ರಮ ಅಳಿಸಿಹೋಗಿದ್ದರೆ ಸಹಿಸುತ್ತಿರಲಿಲ್ಲ.

ಇವೆಲ್ಲದರಿಂದ ಹೊರಡುವ ತತ್ತ್ವ ಒಂದೇ. ಅಭಿಮಾನಿಯು ದ್ವೇಷಿಸುವುದು ಬದಲಾವಣೆಯನ್ನಲ್ಲ, ಅಳಿಸುವಿಕೆಯನ್ನು. ನಮ್ಮ ಹಿರಿಯರು ಇದಕ್ಕೆ 'ಜೀರ್ಣೋದ್ಧಾರ' ಎಂಬ ಒಳ್ಳೆಯ ಮಾತನ್ನು ಬಳಸಿದರು. ಮಡಿವಾಳದ ಸೋಮೇಶ್ವರ ದೇವಾಲಯದ ಸುತ್ತ ಊರು ಬೆಳೆದು ನಗರವಾಯಿತು. ಆದರೂ ಅದರ ಗೋಡೆಯ ಮೇಲೆ ಹದಿಮೂರನೆಯ ಶತಮಾನದ ತಮಿಳು ಶಾಸನಗಳು ಇಂದಿಗೂ ಇವೆ. ಹಳೆಯ ಅಕ್ಷರವನ್ನು ಕೆತ್ತಿಹಾಕದೆ ಹೊಸ ಸುಣ್ಣ ಬಳಿಯುವುದೇ ನಿಜವಾದ ಉದ್ಧಾರ.

ಹಾಗೆಂದು ಅಭಿಮಾನಿಗಳಿಗೆ ಹೊಣೆಯಿಲ್ಲವೆಂದಲ್ಲ. 2023ರಲ್ಲಿ ಪ್ರಿನ್ಸ್ ಆಫ್ ಪರ್ಷಿಯಾದ 'ದಿ ಲಾಸ್ಟ್ ಕ್ರೌನ್' ಎಂಬ ಹೊಸ ಆಟವನ್ನು ಪ್ರಕಟಿಸಿದಾಗ, ರಾಜಕುಮಾರನೇ ನಾಯಕನಲ್ಲವಲ್ಲಾ ಎಂದು ಹಲವರು ಮುನಿದರು; 2024ರ ಜನವರಿಯಲ್ಲಿ ಅದು ಹೊರಬಂದಾಗ ವಿಮರ್ಶಕರು ಹೊಗಳಿದರು. ಆಡಿ ನೋಡುವ ಮೊದಲೇ ತೀರ್ಪು ಕೊಡುವುದು ವಿದ್ಯಾವಂತರ ಲಕ್ಷಣವಲ್ಲ. ಹೊಸ ಆಟವನ್ನು ತರುವವರು ಹಳೆಯದನ್ನು ಆಡುವ ಅವಕಾಶವನ್ನು ಉಳಿಸಲಿ. ಆಡುವವರು ಹೊಸದಕ್ಕೆ ಒಂದು ಅವಕಾಶ ಕೊಡಲಿ. ಈ ಎರಡೂ ಕೂಡಿಬಂದರೆ ಇಂದು ಬೈಗುಳವಾಗಿರುವುದು ನಾಳೆ ವಿಮರ್ಶೆಯಾದೀತು.