ಹೆದ್ದಾರಿಯ ಮೈಲೇಜು, ಪೇಟೆಯ ಖರ್ಚು

ಕಾರುಳ್ಳ ಗೃಹಸ್ಥರಿಬ್ಬರು ನಮ್ಮ ಕಡ್ಡಿರಾಂಪುರದ ಮದುವೆಯ ಚಪ್ಪರದಲ್ಲಾಗಲಿ, ಹೊಸಪೇಟೆಯ ಚಹದಂಗಡಿಯ ಮುಂದಾಗಲಿ ಎದುರಾದರೆಂದರೆ, ಮಳೆಬೆಳೆಯ ಕುಶಲಪ್ರಶ್ನೆ ಮುಗಿಯುವುದಕ್ಕೆ ಮೊದಲೇ "ಗಾಡಿ ಎಷ್ಟು ಕೊಡತೈತ್ರಿ?" ಎಂಬ ಮಾತು ಹೊರಡುತ್ತದೆ. ಅದಕ್ಕೆ ಬರುವ ಉತ್ತರವು ಪ್ರಾಯಶಃ ಬೆಂಗಳೂರಿಗೆ ಹೋಗಿಬಂದ ದಿನದ್ದು. ಕೂಡ್ಲಿಗಿ, ಚಿತ್ರದುರ್ಗಗಳ ಮಾರ್ಗವಾಗಿ ಹೆದ್ದಾರಿಯನ್ನು ಹಿಡಿದು, ಐದನೆಯ ಗೇರಿನಲ್ಲಿ ಸಮವೇಗದಿಂದ ಸಾಗಿದ ಪ್ರಯಾಣದಲ್ಲಿ ದೊರೆತ ಸಂಖ್ಯೆ. ಆ ಸಂಖ್ಯೆ ಸುಳ್ಳಲ್ಲ. ಆದರೆ ಅಪರೂಪಕ್ಕೊಮ್ಮೆ ಒದಗುವ ಆ ಪ್ರಯಾಣದ ಹೆಮ್ಮೆಯಿಂದ ಮನೆಯ ಹಣಕಾಸನ್ನು ಅಳೆಯಹೊರಟವನು, ಸಂತೆಗೂ ಶಾಲೆಗೂ ಆಸ್ಪತ್ರೆಗೂ ದಿನಂಪ್ರತಿ ಓಡಾಡುವ ಅಲ್ಪದೂರದ ಹಾದಿಯಲ್ಲಿ ಡೀಸೆಲ್ ಎಷ್ಟು ವ್ಯಯವಾಗುತ್ತಿದೆಯೆಂಬುದನ್ನು ಕಾಣದೆಯೇ ಹೋಗುತ್ತಾನೆ.

ಕಾರು ಮಾರುವವರು ಹೇಳುವ ಸಂಖ್ಯೆ ಇನ್ನೊಂದು ಬಗೆಯದು. ಪುಣೆಯಲ್ಲಿ 1966ರಲ್ಲಿ ಸ್ಥಾಪಿತವಾದ ವಾಹನ ಸಂಶೋಧನಾ ಸಂಸ್ಥೆಯ ಹೆಸರಿನಿಂದ 'ಎ.ಆರ್.ಎ.ಐ. ಮೈಲೇಜು' ಎಂದೇ ಪ್ರಸಿದ್ಧವಾಗಿರುವ ಈ ಪ್ರಮಾಣವು, ಕಾರನ್ನು ರಸ್ತೆಗೆ ಇಳಿಸದೆ ಉರುಳೆಗಳ ಮೇಲೆ ನಿಲ್ಲಿಸಿ, ಏಸಿಯನ್ನು ಆರಿಸಿ, ಸುಮಾರು ಇಪ್ಪತ್ತು ನಿಮಿಷಗಳ ಕಾಲ ನಿಗದಿತ ಕ್ರಮದಲ್ಲಿ ಓಡಿಸಿ ಪಡೆದದ್ದು. ಅದರಲ್ಲಿ ಪರಮಾವಧಿ ವೇಗ ಗಂಟೆಗೆ 90 ಕಿಲೋಮೀಟರು. ಸರಾಸರಿ ವೇಗ ಮೂವತ್ತಕ್ಕಿಂತ ತುಸು ಹೆಚ್ಚು. ಇಂಥ ಪರೀಕ್ಷೆಯಲ್ಲಿ 2015ರ ಡಿಸೈರ್ ಡೀಸೆಲ್ ಕಾರಿಗೆ ಲೀಟರಿಗೆ 26.59 ಕಿಲೋಮೀಟರು, ಅದೇ ವರ್ಷದ ಎರ್ಟಿಗಾಕ್ಕೆ 24.52 ಕಿಲೋಮೀಟರು ಎಂಬ ಅಂಕಿಗಳು ದೊರೆತವು. ಒಂದು ಕಾರನ್ನು ಮತ್ತೊಂದರೊಡನೆ ಹೋಲಿಸಿನೋಡುವುದಕ್ಕೆ ಈ ಅಂಕಿಗಳು ಯೋಗ್ಯವೇ. ಏಕೆಂದರೆ ಎಲ್ಲವನ್ನೂ ಒಂದೇ ಒರೆಗಲ್ಲಿಗೆ ಉಜ್ಜಿದ್ದಾಗಿದೆ. ಆದರೆ ನಮ್ಮ ಈ ಪರೀಕ್ಷಾಕ್ರಮಕ್ಕೆ ಮೂಲವಾದ ಯುರೋಪಿನ ಹಳೆಯ ಪದ್ಧತಿಯನ್ನು ಅಲ್ಲಿಯವರೇ, ರಸ್ತೆಯ ವಾಸ್ತವಕ್ಕೂ ಅದಕ್ಕೂ ಅಂತರ ಬೆಳೆಯುತ್ತಿರುವುದನ್ನು ಕಂಡು, 2017ರಿಂದ ಕೈಬಿಡತೊಡಗಿದರೆಂಬುದನ್ನು ನೆನೆದರೆ, ಅದನ್ನು ಮನೆಯ ಆಯವ್ಯಯಕ್ಕೆ ಆಧಾರವಾಗಿ ಹಿಡಿಯುವುದು ಎಷ್ಟು ಅವಿವೇಕವೆಂಬುದು ತಾನಾಗಿ ವಿದಿತವಾಗುತ್ತದೆ.

ಏಳು ಜನ ಕೂರಬಹುದಾದ ನನ್ನ ಡೀಸೆಲ್ ಕಾರಿನ ಲೆಕ್ಕವನ್ನು ನಾನು ಬಂಕಿನಲ್ಲಿಯೇ ಮಾಡುತ್ತೇನೆ. ವಿಧಾನ ಹಳೆಯದು: ಟ್ಯಾಂಕು ತುಂಬಿಸಿ ಕಿಲೋಮೀಟರನ್ನು ಬರೆದುಕೊಳ್ಳುವುದು, ಮುಂದಿನ ಸಲ ಮತ್ತೆ ತುಂಬಿಸಿ, ನಡುವೆ ಓಡಿದ ದೂರವನ್ನು ಆಗ ಹಿಡಿದ ಲೀಟರಿನಿಂದ ಭಾಗಿಸುವುದು. ಈ ಸರಳ ಕಾರ್ಯದಲ್ಲಿಯೂ ಒಂದು ಸೂಕ್ಷ್ಮವುಂಟು. ನಾಜಲ್ 'ಟಕ್' ಎಂದು ತಾನಾಗಿ ನಿಂತ ಕೂಡಲೇ ಬಂಕಿನ ಹುಡುಗ ಮೀಟರಿನ ಕಡೆ ನೋಡಿ, "ರೌಂಡ್ ಫಿಗರ್ ಮಾಡಿಬಿಡ್ಲೇನ್ರಿ ಸರ?" ಎಂದು ವಿನಯದಿಂದಲೇ ಕೇಳುತ್ತಾನೆ, "ಬ್ಯಾಡಪ್ಪ, ನಿಂತಲ್ಲಿಗೇ ಬಿಡು" ಎಂದು ನಾನೂ ಅಷ್ಟೇ ವಿನಯದಿಂದ ಹೇಳುತ್ತೇನೆ. ಚಿಲ್ಲರೆಯ ತೊಡಕನ್ನು ತಪ್ಪಿಸುವುದಕ್ಕಾಗಿ ಮೇಲೆ ಸುರಿದ ಆ ಒಂದೆರಡು ಲೀಟರು ಅಳತೆಯನ್ನೇ ಕೆಡಿಸುತ್ತದೆ. ಅದೇ ಬಂಕು, ಸಾಧ್ಯವಾದರೆ ಅದೇ ಪಂಪು, ಅದೇ ಮೊದಲ ನಿಲುಗಡೆ, ಇಷ್ಟನ್ನು ಪಾಲಿಸಿದರೆ ಸಾಕು. ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಮೈಲೇಜು ನನ್ನ ಕಾರಿನಲ್ಲಿ ಈ ಲೆಕ್ಕಕ್ಕಿಂತ ಯಾವಾಗಲೂ ಒಂದಿಷ್ಟು ಉದಾರವಾಗಿಯೇ ಇರುತ್ತದೆ.

ಹೀಗೆ ಬರೆದಿಟ್ಟ ವಹಿಯಲ್ಲಿ ನನಗೆ ಕಂಡ ಸಂಖ್ಯೆಗಳು ಸ್ಥೂಲವಾಗಿ ಎರಡು: ಹೆದ್ದಾರಿಯಲ್ಲಿ ಲೀಟರಿಗೆ 19 ಕಿಲೋಮೀಟರು, ಕಡ್ಡಿರಾಂಪುರ, ಹೊಸಪೇಟೆಗಳ ನಡುವಿನ ಓಡಾಟದಲ್ಲಿ 12. ಕಾರಣಗಳು ಕಣ್ಣೆದುರಿಗೇ ಇವೆ. ಡೀಸೆಲ್ ಎಂಜಿನ್ನು ಭಾರವಾದದ್ದು, ಶಾಖವಾಗಿ ಪೋಲುಮಾಡುವುದು ಕಡಿಮೆ; ಆದಕಾರಣವೇ ಅದು ಬಿಸಿಯಾಗುವುದೂ ನಿಧಾನ. ತಣ್ಣನೆಯ ಆಯಿಲ್ಲಿನ ಜಿಡ್ಡನ್ನು ಗೆದ್ದು ಎಂಜಿನ್ನು ಹದಕ್ಕೆ ಬರುವಷ್ಟರಲ್ಲಿ ಹೊಸಪೇಟೆಯ ಪೇಟೆಬೀದಿಯೇ ಬಂದಿರುತ್ತದೆ. ಹಂಪಿಗೆ ಹೋಗುವ ಪ್ರವಾಸಿಗರ ವಾಹನಗಳು, ಊರೂರಿಗೊಂದು ಹಂಪ್ಸು, ಅನಂತಶಯನಗುಡಿಯಲ್ಲಿ ರೈಲ್ವೆ ಗೇಟು ಬಿದ್ದ ಕಾಲದಲ್ಲಿ ಏಸಿ ಹಾಕಿಕೊಂಡು ಕಾದ ಹೊತ್ತು, ಇವೆಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಬ್ರೇಕಿನ ಮೇಲೆ ಕಾಲಿಟ್ಟಾಗಲೆಲ್ಲ ಡೀಸೆಲ್ ಸುಟ್ಟು ಗಳಿಸಿದ ವೇಗವು ಶಾಖವಾಗಿ ಗಾಳಿಗೆ ಹೋಗುತ್ತದೆ. ಸಂಡೂರಿನ ಗುಡ್ಡದ ಹಾದಿಯಲ್ಲಿ ಅದಿರಿನ ಲಾರಿಗಳ ಹಿಂದೆ ಎರಡನೆಯ ಗೇರಿನಲ್ಲಿ ಏರುವ ದಿನವೂ ಇದೇ ಪಾಡು. ಕಂಪ್ಲಿಯ ಕಡೆಗೆ ಮಾತ್ರ, ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡಬರದಿದ್ದರೆ, ಕಾಲುವೆಯ ಬಯಲಿನ ಸಮತಟ್ಟಾದ ರಸ್ತೆಯಲ್ಲಿ ಕಾರು ಕೃಪಣನಂತೆ ಕುಡಿಯುತ್ತದೆ.

ಇನ್ನು ಲೆಕ್ಕದ ಮುಖ್ಯಾಂಶಕ್ಕೆ ಬರೋಣ. ಮೈಲೇಜನ್ನು ಲೀಟರಿಗೆ ಇಷ್ಟು ಕಿಲೋಮೀಟರೆಂದು ಹೇಳುವ ನಮ್ಮ ರೂಢಿಯಲ್ಲಿ ಒಂದು ಭ್ರಾಂತಿ ಅಡಗಿದೆ. ಡೀಸೆಲ್ ಲೀಟರಿಗೆ 90 ರೂಪಾಯಿಯೆಂದಿಟ್ಟುಕೊಂಡು ನೂರು ಕಿಲೋಮೀಟರಿನ ಖರ್ಚನ್ನು ಹಾಕಿನೋಡಿ. ಹೆದ್ದಾರಿಯಲ್ಲಿ 19 ಇದ್ದದ್ದು 21ಕ್ಕೆ ಏರಿದರೆ 474 ರೂಪಾಯಿಯ ಖರ್ಚು 429ಕ್ಕೆ ಇಳಿದು 45 ರೂಪಾಯಿ ಉಳಿಯುತ್ತದೆ. ಪೇಟೆಯ ಓಡಾಟದಲ್ಲಿ 12 ಇದ್ದದ್ದು 14ಕ್ಕೆ ಏರಿದರೆ, ಏರಿಕೆ ಅಷ್ಟೇ ಎರಡು ಕಿಲೋಮೀಟರು, ಖರ್ಚು ಮಾತ್ರ 750ರಿಂದ 643ಕ್ಕೆ ಇಳಿದು 107 ರೂಪಾಯಿ ಉಳಿಯುತ್ತದೆ. ಅಂದಮೇಲೆ ಹೆದ್ದಾರಿಯ ಮೈಲೇಜಿಗಾಗಿ ಚಡಪಡಿಸುವವನು ಅಲ್ಪಲಾಭದ ಬೆನ್ನುಹತ್ತಿದ್ದಾನೆ. ಎರಡು ಪಾಲಿಗಿಂತ ಹೆಚ್ಚಿನ ಲಾಭವು ಅವನ ಮನೆಯ ಬಾಗಿಲಿನಿಂದ ಪೇಟೆಯವರೆಗಿನ ದಾರಿಯಲ್ಲಿಯೇ ಬಿದ್ದಿದೆ. ಸರಾಸರಿ ತೆಗೆಯುವಾಗಲೂ ಇದೇ ಎಚ್ಚರ ಬೇಕು: ಎರಡೂ ಬಗೆಯ ಹಾದಿಯಲ್ಲಿ ನೂರುನೂರು ಕಿಲೋಮೀಟರು ಓಡಿಸಿದವನಿಗೆ ದೊರೆಯುವುದು 12 ಮತ್ತು 19ರ ನಡುವಣ ಹದಿನೈದೂವರೆಯಲ್ಲ, 14.7 ಮಾತ್ರ.

ಹೊಸದಾಗಿ ಕೊಳ್ಳುವವರಿಗೆ ಡೀಸೆಲ್ಲೇ ಲಾಭವೆಂಬ ಮಾತು ಈಗ ಮೊದಲಿನಷ್ಟು ನಿರ್ವಿವಾದವಲ್ಲ. ಸರಕಾರವು ಡೀಸೆಲ್ ದರವನ್ನು ಹಿಡಿದಿಟ್ಟಿದ್ದ ದಿನಗಳಲ್ಲಿ, 2012ರಲ್ಲಿ, ಅದು ಪೆಟ್ರೋಲಿಗಿಂತ ಲೀಟರಿಗೆ ಇಪ್ಪತ್ತು ರೂಪಾಯಿಗೂ ಮಿಕ್ಕಿ ಅಗ್ಗವಾಗಿದ್ದದ್ದುಂಟು. 2014ರ ಅಕ್ಟೋಬರಿನಲ್ಲಿ ಆ ಹಿಡಿತ ಸಡಿಲಿತು. ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆಯು 2025ರ ಏಪ್ರಿಲ್ 1ರಿಂದ ಶೇಕಡ 18.44ರಿಂದ 21.17ಕ್ಕೆ ಏರಿತು. ಲೆಕ್ಕಕ್ಕೆ ಪೆಟ್ರೋಲ್ 102 ರೂಪಾಯಿ ಎಂದೂ, ಡೀಸೆಲ್ ಕಾರು 18, ಅದೇ ಗಾತ್ರದ ಪೆಟ್ರೋಲ್ ಕಾರು 13.6 ಕಿಲೋಮೀಟರು ಕೊಡುವುದೆಂದೂ ಭಾವಿಸಿದರೆ, ಕಿಲೋಮೀಟರಿಗೆ ಉಳಿಯುವುದು ಎರಡೂವರೆ ರೂಪಾಯಿ. ಡೀಸೆಲ್ ಕಾರಿಗೆ ಒಂದೂಕಾಲು ಲಕ್ಷ ಹೆಚ್ಚು ತೆತ್ತವನು ಅದನ್ನು ಮರಳಿ ಪಡೆಯಲು 50,000 ಕಿಲೋಮೀಟರು ಓಡಿಸಬೇಕು. ವರ್ಷಕ್ಕೆ 20,000 ಓಡಿಸುವ ಗುತ್ತಿಗೆದಾರನಿಗೆ ಇದು ಎರಡೂವರೆ ವರ್ಷದ ಮಾತು. ವರ್ಷಕ್ಕೆ 8,000 ಓಡಿಸುವ ಸಂಸಾರಿಗೆ ಆರು ವರ್ಷಕ್ಕೂ ಮೇಲೆ, ಅದೂ ಆ ಹಣಕ್ಕೆ ಬರಬಹುದಾಗಿದ್ದ ಬಡ್ಡಿಯನ್ನು ಮರೆತರೆ.

ಇದರ ಮೇಲೆ ಇನ್ನೊಂದು ತೊಡಕು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್–6 ನಿಯಮದ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರೊಂದಿರುತ್ತದೆ. ತುಂಬಿದ ಮಸಿಯನ್ನು ಅದು ತಾನೇ ಸುಟ್ಟುಕೊಳ್ಳಬೇಕಾದರೆ ಸುಮಾರು 600 ಡಿಗ್ರಿ ಶಾಖ ಬೇಕು, ಅದಕ್ಕೆ ಹೆದ್ದಾರಿಯಂಥ ನಿರಂತರ ಓಟ ಬೇಕು, ಜೊತೆಗೆ ಹೆಚ್ಚಿನ ಡೀಸೆಲ್ಲೂ ಬೇಕು. ಹತ್ತು ಕಿಲೋಮೀಟರಿನೊಳಗೆ ಹೋಗಿ ನಿಲ್ಲುವ ಕಾರಿನಲ್ಲಿ ಈ ಕಾರ್ಯ ಮತ್ತೆ ಮತ್ತೆ ಅರ್ಧಕ್ಕೆ ನಿಂತು, ಕೊನೆಗೆ ಎಚ್ಚರಿಕೆಯ ದೀಪ ಹತ್ತಿ ಗ್ಯಾರೇಜಿನ ದಾರಿ ಹಿಡಿಯಬೇಕಾಗುತ್ತದೆ. ಮಾರುತಿ ಕಂಪನಿಯು ಆ ವರ್ಷವೇ ಡೀಸೆಲ್ ಕಾರುಗಳನ್ನು ನಿಲ್ಲಿಸಿದ್ದು, ಸಣ್ಣ ಕಾರುಗಳಲ್ಲಿ ಈ ಏರ್ಪಾಡಿನ ವೆಚ್ಚ ಗಿಟ್ಟದೆಂಬ ಎಣಿಕೆಯಿಂದಲೇ.

ಇರುವ ಡೀಸೆಲ್ ಕಾರನ್ನು ಹಿತಮಿತವಾಗಿ ನಡೆಸುವುದಕ್ಕೆ ನಾನು ಕಂಡುಕೊಂಡ ಮಾರ್ಗಗಳು ಅದ್ಭುತವಾದವೇನಲ್ಲ. ತರಕಾರಿ, ಬ್ಯಾಂಕು, ಔಷಧಿಯಂಗಡಿಗಳ ಕೆಲಸಗಳನ್ನು ಕೂಡಿಸಿ ಒಂದೇ ಸಲ ಹೋಗಿಬಂದರೆ ಬಿಸಿಯಾದ ಎಂಜಿನ್ನಿನ ಪ್ರಯೋಜನ ಎಲ್ಲ ಕೆಲಸಕ್ಕೂ ಸಲ್ಲುತ್ತದೆ. ಒಂಟಿಯಾಗಿ ಹೋಗುವ ದಿನ ದ್ವಿಚಕ್ರವೇ ಸಾಕು. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿದ್ದಷ್ಟು ಗಾಳಿ ಟೈರಿನಲ್ಲಿರಬೇಕು. ಬಳಕೆಯಿಲ್ಲದ ಕ್ಯಾರಿಯರನ್ನು ಛಾವಣಿಯಿಂದ ಇಳಿಸಬೇಕು. ಹೆದ್ದಾರಿಯಲ್ಲಿ 80ರಿಂದ 100ಕ್ಕೆ ಏರಿದರೆ ಗಾಳಿಯ ಪ್ರತಿರೋಧ ಒಂದೂವರೆ ಪಟ್ಟಿಗೂ ಹೆಚ್ಚಾಗುವುದೆಂಬುದನ್ನು ತಿಳಿದವನು ಬಲಗಾಲನ್ನು ತಾನೇ ಹಗುರಮಾಡುತ್ತಾನೆ.

ಕೊಳ್ಳುವವರು ಮೊದಲು ಮಾಡಬೇಕಾದದ್ದು ಇಷ್ಟೆ: ಈಗಿರುವ ಗಾಡಿಯ ಒಂದು ವರ್ಷದ ಓಟವನ್ನು ದೂರದ್ದು, ಹತ್ತಿರದ್ದು ಎಂದು ಎರಡು ಅಂಕಣಗಳಲ್ಲಿ ಬರೆದುನೋಡುವುದು. ದೂರದ ಅಂಕಣ ದೊಡ್ಡದಾಗಿದ್ದರೆ ಡೀಸೆಲ್ ಇಂದಿಗೂ ಒಳ್ಳೆಯ ಆಳು. ಹತ್ತಿರದ್ದೇ ದೊಡ್ಡದಾಗಿದ್ದರೆ ಶೋರೂಮಿನವರು ಹೇಳುವ ಮೈಲೇಜು ಎಷ್ಟೇ ಮೋಹಕವಾಗಿರಲಿ, ಪೆಟ್ರೋಲ್ ಕಾರನ್ನು ಕೊಂಡು ಉಳಿದ ಲಕ್ಷವನ್ನು ಬ್ಯಾಂಕಿನಲ್ಲಿಡುವುದೇ ಜಾಣತನ.