ಐವರ ಗುರಿಯಾಟ: ಹೊಸಬರಿಗೆ ಕೆಲವು ಮಾತುಗಳು



ಕಳೆದ ಬೇಸಿಗೆಯ ರಜೆಯಲ್ಲಿ, ಹತ್ತನೆಯ ತರಗತಿಯನ್ನು ಮುಗಿಸಿದ್ದ ಬಾಲಕನೊಬ್ಬನ ತಂದೆಯವರು ನನ್ನಲ್ಲಿಗೆ ಬಂದರು. "ಮೇಷ್ಟ್ರೇ, ಹುಡುಗ ಇಲ್ಲಿ ಹಿಂದೂಪುರದಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು, ಕಲ್ಯಾಣದುರ್ಗದಲ್ಲಿರುವ ಅವನ ಸೋದರಮಾವನ ಮಗನೊಡನೆ ನಡುರಾತ್ರಿಯವರೆಗೆ ಕೂಗಾಡುತ್ತಾನೆ. ಕೇಳಿದರೆ ಆಟವೆನ್ನುತ್ತಾನೆ. ಆ ಕಂಪ್ಯೂಟರನ್ನು ಮಾರಿಬಿಡಲೇ?" ಎಂದರು. ನೋಡದೆ ತೀರ್ಪು ಹೇಳುವುದು ತರವಲ್ಲವೆಂದು, ಆ ಸಂಜೆ ನಾವಿಬ್ಬರೂ ಹುಡುಗನ ಪಕ್ಕದಲ್ಲಿ ಕುಳಿತೆವು.

ಅವನು ಆಡುತ್ತಿದ್ದುದು 2020ರಲ್ಲಿ ಹೊರಬಂದ ವ್ಯಾಲೊರೆಂಟ್ ಎಂಬ ಆಟ. ಐವರಿಗೆ ಐವರು ಎದುರಾಳಿಗಳು. ಒಂದು ತಂಡವು ಸ್ಪೈಕ್ ಎಂಬ ಸ್ಫೋಟಕವನ್ನು ಗೊತ್ತಾದ ಸ್ಥಳದಲ್ಲಿ ಇಡಬೇಕು, ಇನ್ನೊಂದು ತಡೆಯಬೇಕು. ಇಟ್ಟ 45 ಸೆಕೆಂಡುಗಳಿಗೆ ಅದು ಸಿಡಿಯುವುದು. ಅದನ್ನು ಆರಿಸಲು 7 ಸೆಕೆಂಡುಗಳು ಬೇಕು. ಹನ್ನೆರಡು ಸುತ್ತುಗಳಾದ ಮೇಲೆ ತಂಡಗಳು ಪಕ್ಷ ಬದಲಿಸುವುವು. ಸಾಮಾನ್ಯವಾಗಿ ಮೊದಲು 13 ಸುತ್ತು ಗೆದ್ದವರಿಗೆ ಜಯ.

ನಮ್ಮ ಬಾಲಕನು ಎಲ್ಲರಿಗಿಂತ ಮೊದಲು ಓಡಿ, ಎಲ್ಲರಿಗಿಂತ ಮೊದಲು ಬಿದ್ದು, ಉಳಿದ ಹೊತ್ತನ್ನೆಲ್ಲ ಮಾವನ ಮಗನನ್ನು ಬೈಯುವುದರಲ್ಲಿ ಕಳೆಯುತ್ತಿದ್ದನು. ಕೊನೆಗೆ ಕಲ್ಯಾಣದುರ್ಗದ ಹುಡುಗ ಆಟವನ್ನು ನಡುವೆಯೇ ಬಿಟ್ಟುಹೋದನು. ಇವರಿಬ್ಬರೂ ಹಬ್ಬದಲ್ಲಿ ಮಾತಾಡುವರೋ ಇಲ್ಲವೋ ಎಂಬ ಅಳುಕು ತಂದೆಯವರ ಮುಖದಲ್ಲಿ ಕಂಡಿತು.

ಅನಂತರ ನಾನೂ ಕೆಲವು ದಿನ ಆಡಿನೋಡಿ, ಬಲ್ಲ ಹಳೆಯ ವಿದ್ಯಾರ್ಥಿಗಳನ್ನು ಕೇಳಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು, ಗುರಿ. ತೆರೆಯ ನಡುವಿನ ಗುರಿಗುರುತನ್ನು ನೆಲದ ಕಡೆಗೆ ಬಿಡದೆ, ಎದುರಾಳಿಯ ತಲೆ ಕಾಣಿಸಿಕೊಳ್ಳಬಹುದಾದ ಎತ್ತರದಲ್ಲಿಯೇ ಹಿಡಿದು ನಡೆಯಬೇಕು. ಆಗ ಕೈ ಚಳಕ ಕಡಿಮೆಯಿದ್ದರೂ ಸಾಗುವುದು.

ಎರಡನೆಯದು, ನಿಲುವು. ಓಡುತ್ತ ಹೊಡೆದರೆ ಗುಂಡು ಚದುರುವುದು. ನಿಂತು ಹೊಡೆಯತಕ್ಕದ್ದು.

ಮೂರನೆಯದು, ಕಿವಿ. ಓಡುವವನ ಹೆಜ್ಜೆಯ ಸಪ್ಪಳ ಎದುರಾಳಿಗೆ ಕೇಳಿಸುವುದು. ಮೆಲ್ಲನೆ ನಡೆದವನದು ಕೇಳಿಸದು. ಎಲ್ಲಿ ಓಡಬೇಕು, ಎಲ್ಲಿ ನಡೆಯಬೇಕೆಂಬ ವಿವೇಕ ಬೇಕು.

ನಾಲ್ಕನೆಯದು, ಹಣ. ಆಟದೊಳಗಿನ ನಾಣ್ಯದಿಂದ ಸುತ್ತು ಸುತ್ತಿಗೂ ಆಯುಧ ಕೊಳ್ಳಬೇಕು. ಮೊದಲ ಸುತ್ತಿಗೆ ದೊರೆಯುವುದು 800 ಮಾತ್ರ. ಕೊಂಡರೆ ಐವರೂ ಕೊಳ್ಳಬೇಕು, ಉಳಿಸಿದರೆ ಐವರೂ ಉಳಿಸಬೇಕು. ಒಬ್ಬನೇ ದುಂದು ಮಾಡಿದರೆ ಮುಂದಿನ ಸುತ್ತಿನಲ್ಲಿ ತಂಡಕ್ಕೇ ಬಡತನ.

ಐದನೆಯದು, ಜೊತೆ. ಕಬಡ್ಡಿಯಲ್ಲಿ ಕೈ ಕೈ ಹಿಡಿದು ನಿಂತವರಲ್ಲಿ ಒಬ್ಬನೇ ಮುನ್ನುಗ್ಗಿ ಉಳಿದವರು ಹಿಂದುಳಿದರೆ ಬಂದವನು ತಪ್ಪಿಸಿಕೊಳ್ಳುವನಷ್ಟೆ. ಇಲ್ಲಿಯೂ ಹಾಗೆಯೇ. ಮುಂದಿನವನು ಬಿದ್ದ ಕ್ಷಣದಲ್ಲಿಯೇ ಬೀಳಿಸಿದವನನ್ನು ಹೊಡೆಯುವಷ್ಟು ಹತ್ತಿರದಲ್ಲಿ ಇನ್ನೊಬ್ಬನಿರಬೇಕು.

ಆರನೆಯದೂ ಮುಖ್ಯವಾದುದೂ ಮಾತು. ಬಿದ್ದವನಿಗೂ ತಂಡದೊಡನೆ ಮಾತಾಡುವ ಅವಕಾಶವುಂಟು. ಅವನ ಕೈ ಹೋದರೂ ಕಣ್ಣು ಕಂಡದ್ದು ಉಳಿದಿದೆ. "ಎಡಗಡೆ ಇಬ್ಬರು, ಒಬ್ಬನಿಗೆ ಪೆಟ್ಟಾಗಿದೆ" ಎಂದಷ್ಟೇ ಹೇಳಿ ಸುಮ್ಮನಾದರೆ ಉಳಿದ ನಾಲ್ವರು ಗೆಲ್ಲಬಲ್ಲರು. ಆ ಹೊತ್ತಿನಲ್ಲಿ ಬೈದರೆ ಗೆಳೆಯರಿಗೆ ಎದುರಾಳಿಯ ಹೆಜ್ಜೆಯೂ ಕೇಳಿಸದು. ಕಾಣದುದನ್ನು ಕಂಡೆನೆಂದು ಹೇಳುವುದು ಬೈಗುಳಕ್ಕಿಂತಲೂ ಕೇಡು.

ಪೋಷಕರಲ್ಲಿ ಎರಡು ಅರಿಕೆ. ಯುರೋಪಿನ ಪೆಗಿ ವಯೋಗುರುತಿನಂತೆ ಈ ಆಟ 16 ತುಂಬಿದವರಿಗೆ. ಕಿರಿಯರು ಕಾಯುವುದು ಲೇಸು. ಮತ್ತೊಂದು, 2025ರ ಆನ್‌ಲೈನ್ ಗೇಮಿಂಗ್ ಕಾಯಿದೆಯು ಇ-ಕ್ರೀಡೆಯನ್ನು ಮಾನ್ಯ ಮಾಡಿ, ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಈ ಭೇದವನ್ನು ಮಕ್ಕಳಿಗೆ ತಿಳಿಸಿಕೊಡಬೇಕು.

ಆ ತಂದೆಯವರು ಕಂಪ್ಯೂಟರನ್ನು ಮಾರಲಿಲ್ಲ. ನಡುಮನೆಗೆ ತಂದಿರಿಸಿ, ರಾತ್ರಿಯ ಊಟದ ವೇಳೆಗೆ ಆಟ ಮುಗಿಯಬೇಕೆಂದು ಗೊತ್ತುಮಾಡಿದರು. ಮಗನು ಕಲ್ಯಾಣದುರ್ಗಕ್ಕೆ ತಾನೇ ಫೋನು ಮಾಡಿ, "ತಪ್ಪು ನನ್ನದು, ಬಾ" ಎಂದನಂತೆ. ಅಂದಿನ ಆಟವನ್ನೂ ಅವರು ಸೋತರೆಂದು ಕೇಳಿದೆ. ಆದರೆ ಕೊನೆಯವರೆಗೆ ಇಬ್ಬರೂ ಆಡಿದರು. ನೀವೂ ಹಾಗೆ ಆಡುವುದನ್ನು ಕಲಿಯಿರೆಂದು ಹಾರೈಸುತ್ತೇನೆ.